ರೇಡಾರ್ ವಿದ್ಯೆ ಬರೀ ಸೈನ್ಯದ ಗುಟ್ಟೇ? ರಾಜೇಶ್ವರಿ ಚಟರ್ಜಿ ಅವರ ಬದುಕು ನೋಡಿ

ಹಲವರ ನಂಬಿಕೆ: ರೇಡಾರ್, ಮೈಕ್ರೋವೇವ್ ಎಲ್ಲ ಮಿಲಿಟರಿಯವರ ಗುಟ್ಟಿನ ವಿದ್ಯೆ, ಜನಸಾಮಾನ್ಯರಿಗೆ ಸಂಬಂಧವಿಲ್ಲ.

ವಾಸ್ತವ: ಇದು ಅರ್ಧ ಸತ್ಯ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ರೇಡಾರ್ ಸಂಶೋಧನೆಗೆ ಹಣ ಸುರಿದದ್ದು ನಿಜ. ಆದರೆ ಎಂಐಟಿ, ಹಾರ್ವರ್ಡ್‌ನಂಥ ವಿಶ್ವವಿದ್ಯಾಲಯಗಳಲ್ಲೇ ಆ ಕೆಲಸದ ದೊಡ್ಡ ಪಾಲು ನಡೆಯಿತು. ಅಂಥ ವಿದ್ಯೆಯನ್ನು ಕಲಿತು ಬಂದು ಬೆಂಗಳೂರಿನ ತರಗತಿಯಲ್ಲಿ ಪಾಠ ಹೇಳಿದವರು ರಾಜೇಶ್ವರಿ ಚಟರ್ಜಿ.

ಅವರು ಹುಟ್ಟಿದ್ದು 1922ರಲ್ಲಿ. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರ ಸಾಲಿನವರು. ರಾಜೇಶ್ವರಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಅಲ್ಲಿನ ಮೊದಲ ಮಹಿಳಾ ಎಂಜಿನಿಯರ್ ಅವರೇ.

1947ರಲ್ಲಿ, ಸ್ವಾತಂತ್ರ್ಯಕ್ಕೆ ಸುಮಾರು ಒಂದು ತಿಂಗಳು ಮುಂಚೆ, ಸರ್ಕಾರದ ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಹೊರಟರು. ಹತ್ತಿದ್ದು ಯುದ್ಧಕಾಲದಲ್ಲಿ ಸೈನಿಕರನ್ನು ಸಾಗಿಸುತ್ತಿದ್ದ ಹಡಗು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಅವರ ಪಿಎಚ್‌ಡಿಗೆ ಮಾರ್ಗದರ್ಶಕರಾದವರು ವಿಲಿಯಂ ಗೌಲ್ಡ್ ಡೌ. ಶತ್ರುವಿನ ರೇಡಾರ್‌ಗೆ ಅಡ್ಡಿ ಮಾಡುವ ಉಪಕರಣಗಳ ಬಗ್ಗೆ ಯುದ್ಧದ ಸಮಯದಲ್ಲಿ ಹಾರ್ವರ್ಡ್‌ನಲ್ಲಿ ಕೆಲಸ ಮಾಡಿದ್ದವರು ಅವರು.

1953ರಲ್ಲಿ ರಾಜೇಶ್ವರಿ ಬೆಂಗಳೂರಿಗೆ ಮರಳಿದರು. ಅದೇ ವಿಭಾಗದ ಶಿಶಿರ್ ಕುಮಾರ್ ಚಟರ್ಜಿ ಅವರನ್ನು ಮದುವೆಯಾದರು. ಇಬ್ಬರೂ ಸೇರಿ ಮೈಕ್ರೋವೇವ್ ಸಂಶೋಧನಾ ಪ್ರಯೋಗಾಲಯ ಕಟ್ಟಿದರು. ದೇಶದಲ್ಲಿ ಈ ಕ್ಷೇತ್ರಕ್ಕೆ ಕಾಲಿಟ್ಟ ಮೊದಲಿಗರಲ್ಲಿ ಅವರೂ ಸೇರಿದ್ದಾರೆ.

ಮೈಕ್ರೋವೇವ್ ಎಂದರೇನು? ಅದೂ ರೇಡಿಯೋ ಅಲೆಯೇ, ಉದ್ದ ಮಾತ್ರ ಕಡಿಮೆ. ಹಾಗಾಗಿ ಚಿಕ್ಕ ಆಂಟೆನಾದಿಂದಲೂ ಟಾರ್ಚ್ ಬೆಳಕಿನಂತೆ ಒಂದೇ ದಿಕ್ಕಿಗೆ ಬಿಡಬಹುದು. ವಿಮಾನಕ್ಕೆ ಬಡಿದು ಅಲೆ ವಾಪಸ್ ಬರಲು ಹಿಡಿದ ಸಮಯದಿಂದ ದೂರ ಲೆಕ್ಕ ಹಾಕುವುದೇ ರೇಡಾರ್. ವಿಮಾನ, ಬಾಹ್ಯಾಕಾಶ ನೌಕೆಗಳಿಗೆ ಬೇಕಾಗುವಂಥ ಆಂಟೆನಾಗಳ ಬಗ್ಗೆಯೇ ರಾಜೇಶ್ವರಿ ಅವರ ಸಂಶೋಧನೆ ನಡೆಯಿತು.

ಅವರ ಮಾರ್ಗದರ್ಶನದಲ್ಲಿ 20 ಮಂದಿ ಪಿಎಚ್‌ಡಿ ಪಡೆದರು. ನೂರಕ್ಕೂ ಹೆಚ್ಚು ಸಂಶೋಧನಾ ಪ್ರಬಂಧ, ಏಳು ಪುಸ್ತಕ ಬರೆದರು. 1982ರಲ್ಲಿ ನಿವೃತ್ತರಾದ ಮೇಲೆ ಮಹಿಳಾ ಅಧ್ಯಯನಕ್ಕಾಗಿ ದುಡಿದರು. 2010ರ ಸೆಪ್ಟೆಂಬರ್ 3ರಂದು ತೀರಿಕೊಂಡರು.

ರೇಡಾರ್ ಅಥವಾ ಮೊಬೈಲ್ ಕಂಡುಹಿಡಿದವರು ಇವರೇ ಎಂಬ ಮೆಸೇಜ್ ಬಂದರೆ ಫಾರ್ವರ್ಡ್ ಮಾಡಬೇಡಿ, ಅದು ಸುಳ್ಳು. ಅವರ ದೊಡ್ಡ ಕೆಲಸ ಬೇರೆ: ಯುದ್ಧದ ಹಣದಲ್ಲಿ ಬೆಳೆದ ವಿದ್ಯೆಯನ್ನು ನಮ್ಮ ಮಕ್ಕಳು ಕುಳಿತು ಕಲಿಯುವ ಪಾಠವಾಗಿಸಿದ್ದು. ಆಳಂದ, ಅಫಜಲಪುರ, ಜೇವರ್ಗಿಯ ಮನೆಗಳ ಮೇಲಿರುವ ಟಿವಿ ಡಿಶ್, ನಿಮ್ಮ ಕೈಯಲ್ಲಿರುವ ಫೋನ್ ಎರಡೂ ಬಳಸುವುದು ಇದೇ ಜಾತಿಯ ಅಲೆಗಳನ್ನು. ಎಂಜಿನಿಯರಿಂಗ್ ಓದಬೇಕೆನ್ನುವ ಹೆಣ್ಣುಮಕ್ಕಳು ಮನೆಯಲ್ಲಿದ್ದರೆ ಇದನ್ನು ಅವರಿಗೆ ಓದಿ ಹೇಳಿ.