ಬ್ರಹ್ಮಗುಪ್ತ (ಕ್ರಿ.ಶ. 598 – 665ರ ನಂತರ): ಋಣಕ್ಕೂ ಸಂಖ್ಯೆಯ ಸ್ಥಾನ ನೀಡಿದ ಗಣಿತಾಚಾರ್ಯ

ಸಾಲ, ಸಹಾಯಧನ ಅಥವಾ ವಿದ್ಯಾರ್ಥಿವೇತನ ಕೋರಿ ಅರ್ಜಿ ಸಲ್ಲಿಸುವ ನಾಗರಿಕರು ನಿಗದಿತ ನಮೂನೆಯಲ್ಲಿ ತಮ್ಮ ಆದಾಯ, ಆಸ್ತಿ ಹಾಗೂ ಋಣಭಾರದ ವಿವರಗಳನ್ನು ತುಂಬಬೇಕಾಗುತ್ತದೆ. ಲೆಕ್ಕಪತ್ರಗಳಲ್ಲಿ ಕೆಲವೊಮ್ಮೆ ಸಂಖ್ಯೆಯ ಎಡಬದಿಗೆ ಒಂದು ಚಿಕ್ಕ ಅಡ್ಡಗೆರೆ ಇರುತ್ತದೆ. ಅದನ್ನು ಗಮನಿಸದೆ ಬಾಕಿಯನ್ನು ಜಮೆಯೆಂದು ಎಣಿಸುವವರೂ ಉಂಟು. ಜಮೆಯನ್ನೇ ಬಾಕಿಯೆಂದು ತಿಳಿದು ಗಾಬರಿಗೊಳ್ಳುವವರೂ ಉಂಟು. ಈ ಗೆರೆಯುಳ್ಳ ಸಂಖ್ಯೆಗಳನ್ನು ಕೂಡುವ, ಕಳೆಯುವ ಮತ್ತು ಗುಣಿಸುವ ನಿಯಮಗಳನ್ನು ಶೂನ್ಯವನ್ನೂ ಒಳಗೊಂಡಂತೆ ಒಂದೇ ಕಡೆ ಕ್ರಮವಾಗಿ ಬರೆದಿಟ್ಟವನು ಏಳನೆಯ ಶತಮಾನದ ಭಾರತೀಯ ಗಣಿತಜ್ಞ ಬ್ರಹ್ಮಗುಪ್ತ. ಆತನ ಜೀವನ ಹಾಗೂ ಆ ನಿಯಮಗಳ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ನೆಲೆ

ಬ್ರಹ್ಮಗುಪ್ತನು ಶಕವರ್ಷ 520ರಲ್ಲಿ, ಅಂದರೆ ಕ್ರಿ.ಶ. 598ರಲ್ಲಿ ಜನಿಸಿದನು. ತಂದೆಯ ಹೆಸರು ಜಿಷ್ಣು. ಪ್ರಾಚೀನ ಭಾರತದ ಅನೇಕ ವಿದ್ವಾಂಸರ ಕಾಲನಿರ್ಣಯಕ್ಕೆ ಇಂದಿಗೂ ವಾದವಿವಾದಗಳಿದ್ದರೆ, ಈತನ ವಿಷಯದಲ್ಲಿ ಅಂತಹ ತೊಡಕಿಲ್ಲ. ಚಾಪ ವಂಶದ ವ್ಯಾಘ್ರಮುಖನು ಆಳುತ್ತಿದ್ದಾಗ, ಶಕವರ್ಷ 550ರಲ್ಲಿ, ತನ್ನ ಮೂವತ್ತನೆಯ ವಯಸ್ಸಿನಲ್ಲಿ ಗ್ರಂಥವನ್ನು ರಚಿಸಿದುದಾಗಿ ಆತನೇ ದಾಖಲಿಸಿದ್ದಾನೆ. ಆ ವರ್ಷ ಕ್ರಿ.ಶ. 628.

ಆತನ ಹೆಸರಿನೊಂದಿಗೆ ಸೇರಿಕೊಂಡಿರುವ ಊರು ಭಿಲ್ಲಮಾಲ. ಇದು ಇಂದಿನ ರಾಜಸ್ಥಾನದ ಜಾಲೋರ್ ಜಿಲ್ಲೆಯ ಭೀನ್‌ಮಾಲ್ ಪಟ್ಟಣ. ಅಂದು ಇದು ಗುರ್ಜರದೇಶದ ರಾಜಧಾನಿಯಾಗಿತ್ತು. ಚೀನಾದ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಅದೇ ಶತಮಾನದಲ್ಲಿ ಇಲ್ಲಿಗೆ ಬಂದು ಹೋದುದನ್ನು ದಾಖಲಿಸಿದ್ದಾನೆ. ಮುಂದಿನ ವ್ಯಾಖ್ಯಾನಕಾರರು ಬ್ರಹ್ಮಗುಪ್ತನನ್ನು ಭಿಲ್ಲಮಾಲಾಚಾರ್ಯನೆಂದೇ ಕರೆದರು. ಆತನು ಉಜ್ಜಯಿನಿಯ ಖಗೋಳ ವೀಕ್ಷಣಾಲಯದ ಮುಖ್ಯಸ್ಥನಾಗಿದ್ದನೆಂದು ಹಲವು ಪುಸ್ತಕಗಳಲ್ಲಿ ಬರೆಯಲಾಗಿದೆಯಾದರೂ ಆತನ ಗ್ರಂಥಗಳಲ್ಲಿ ಈ ಮಾತಿಗೆ ಆಧಾರವಿಲ್ಲ.

ಬ್ರಾಹ್ಮಸ್ಫುಟಸಿದ್ಧಾಂತ

ಕ್ರಿ.ಶ. 628ರ ಆ ಗ್ರಂಥದ ಹೆಸರು ಬ್ರಾಹ್ಮಸ್ಫುಟಸಿದ್ಧಾಂತ. ಇದರಲ್ಲಿ 24 ಅಧ್ಯಾಯಗಳೂ ಆರ್ಯಾ ಛಂದಸ್ಸಿನ 1008 ಶ್ಲೋಕಗಳೂ ಇವೆ. ಗ್ರಂಥವು ಮುಖ್ಯವಾಗಿ ಖಗೋಳಶಾಸ್ತ್ರಕ್ಕೆ ಸಂಬಂಧಿಸಿದ್ದು. ಗ್ರಹಗಳ ಸ್ಥಾನ, ಗ್ರಹಣಗಳು ಮತ್ತು ಚಂದ್ರನ ಕಲೆಗಳ ಲೆಕ್ಕವೇ ಅದರ ಬಹುಭಾಗವನ್ನು ಆಕ್ರಮಿಸಿದೆ. ಗಣಿತಕ್ಕೆ ಮೀಸಲಾದವು ಪ್ರಮುಖವಾಗಿ ಎರಡು ಅಧ್ಯಾಯಗಳು. ಹನ್ನೆರಡನೆಯದು ಅಂಕಗಣಿತ ಮತ್ತು ಕ್ಷೇತ್ರಗಣಿತವನ್ನು ಕುರಿತದ್ದು. ಹದಿನೆಂಟನೆಯದಾದ ಕುಟ್ಟಕಾಧ್ಯಾಯದಲ್ಲಿ ಇಂದು ನಾವು ಬೀಜಗಣಿತವೆಂದು ಕರೆಯುವ ವಿಷಯವಿದೆ. ಧನ ಮತ್ತು ಋಣಗಳ ನಿಯಮಗಳು ಇದೇ ಅಧ್ಯಾಯದ ಕೆಲವೇ ಶ್ಲೋಕಗಳಲ್ಲಿ ಅಡಕವಾಗಿವೆ.

ಆಕಾಶವನ್ನು ಅಳೆಯುವವನಿಗೆ ಸಾಲದ ಲೆಕ್ಕವೇಕೆ ಎಂಬ ಪ್ರಶ್ನೆ ಸಹಜ. ಗ್ರಹವೊಂದರ ಸರಾಸರಿ ಸ್ಥಾನದಿಂದ ನಿಜಸ್ಥಾನವನ್ನು ಪಡೆಯಲು ಕೆಲವು ಸಂಸ್ಕಾರಗಳನ್ನು ಮಾಡಬೇಕಾಗುತ್ತದೆ. ಈ ಸಂಸ್ಕಾರವು ಕೆಲವೊಮ್ಮೆ ಕೂಡಬೇಕಾದದ್ದು, ಕೆಲವೊಮ್ಮೆ ಕಳೆಯಬೇಕಾದದ್ದು. ಕೂಡಬೇಕಾದದ್ದನ್ನು ಧನವೆಂದೂ ಕಳೆಯಬೇಕಾದದ್ದನ್ನು ಋಣವೆಂದೂ ಕರೆಯುವ ರೂಢಿ ಜ್ಯೋತಿಷಿಗಳಲ್ಲಿತ್ತು. ಪೇಟೆಯ ವ್ಯಾಪಾರಿಯ ಮಾತು ಮತ್ತು ಪಂಚಾಂಗದವನ ಮಾತು ಇಲ್ಲಿ ಒಂದೇ. ಅವ್ಯಕ್ತರಾಶಿಗಳಿರುವ ಸಮೀಕರಣಗಳನ್ನು ಬಿಡಿಸುವಾಗಲೂ ದೊಡ್ಡದನ್ನು ಚಿಕ್ಕದರಿಂದ ಕಳೆಯುವ ಸಂದರ್ಭ ಪದೇ ಪದೇ ಎದುರಾಗುತ್ತದೆ. ಅಂತಹ ಕಡೆ ಲೆಕ್ಕವನ್ನು ಕೈಬಿಡದೆ ಮುಂದುವರಿಸಬೇಕಾದರೆ ಋಣವೂ ಒಂದು ಸಂಖ್ಯೆಯೇ ಎಂದು ಒಪ್ಪಬೇಕು. ಬ್ರಹ್ಮಗುಪ್ತನು ಒಪ್ಪಿದನು.

ಧನ, ಋಣ ಮತ್ತು ಶೂನ್ಯದ ನಿಯಮಗಳು

ಆತನ ನಿಯಮಗಳನ್ನು ಇಂದಿನ ರೂಪಾಯಿಗಳ ಉದಾಹರಣೆಗಳೊಂದಿಗೆ ಕೆಳಗೆ ವಿವರಿಸಲಾಗಿದೆ. ಉದಾಹರಣೆಗಳು ಈ ಪುಟಕ್ಕಾಗಿ ಕಲ್ಪಿಸಿದವು. ಬ್ರಹ್ಮಗುಪ್ತನು ಆ ಶ್ಲೋಕಗಳಲ್ಲಿ ನಿಯಮಗಳನ್ನಷ್ಟೇ ಹೇಳಿ ಮುಂದೆ ಸಾಗುತ್ತಾನೆ.

ಸಂಕಲನದಲ್ಲಿ, ಎರಡು ಧನಗಳನ್ನು ಕೂಡಿದರೆ ಧನವೂ ಎರಡು ಋಣಗಳನ್ನು ಕೂಡಿದರೆ ಋಣವೂ ದೊರೆಯುತ್ತದೆ. ಸಹಕಾರ ಸಂಘದಲ್ಲಿ 200 ರೂಪಾಯಿ, ಅಂಗಡಿಯಲ್ಲಿ 100 ರೂಪಾಯಿ ಸಾಲವಿದ್ದವನ ಒಟ್ಟು ಸ್ಥಿತಿ −300. ಧನ ಮತ್ತು ಋಣ ಕೂಡಿದಾಗ ಅವುಗಳ ಅಂತರವೇ ಮೊತ್ತ. ಯಾವುದು ದೊಡ್ಡದೋ ಅದರ ಚಿಹ್ನೆ ಉಳಿಯುತ್ತದೆ. ಕೈಯಲ್ಲಿ 500 ರೂಪಾಯಿ ಇದ್ದು 300 ರೂಪಾಯಿ ಸಾಲವಿದ್ದರೆ ನಿವ್ವಳ 200. ಎರಡೂ ಸಮವಾದರೆ ಉಳಿಯುವುದು ಶೂನ್ಯ. ಇಲ್ಲಿ ಶೂನ್ಯವೆಂದರೆ ಸಂಖ್ಯೆಯನ್ನು ಬರೆಯುವಾಗ ಖಾಲಿ ಸ್ಥಾನ ತುಂಬುವ ಗುರುತು ಮಾತ್ರವಲ್ಲ. ಲೆಕ್ಕದ ಫಲವಾಗಿ ಬರುವ, ಮತ್ತೆ ಲೆಕ್ಕದಲ್ಲಿ ಬಳಸಬಹುದಾದ ಒಂದು ಸಂಖ್ಯೆ.

ವ್ಯವಕಲನವು ಹೆಚ್ಚಿನವರಿಗೆ ಕಷ್ಟವೆನಿಸುವ ಭಾಗ. ಶೂನ್ಯದಿಂದ ಧನವನ್ನು ಕಳೆದರೆ ಋಣ, ಶೂನ್ಯದಿಂದ ಋಣವನ್ನು ಕಳೆದರೆ ಧನ ಎಂಬುದು ಆತನ ನಿಯಮ. ಧನದಿಂದ ಋಣವನ್ನು ಕಳೆಯಬೇಕಾದಾಗ ಎರಡನ್ನೂ ಕೂಡಬೇಕು. ಮೇಲಿನ ಕುಟುಂಬವನ್ನೇ ತೆಗೆದುಕೊಳ್ಳಬಹುದು. ಅದರ ನಿವ್ವಳ ಸ್ಥಿತಿ 200 ರೂಪಾಯಿ. ಅದರ 300 ರೂಪಾಯಿ ಸಾಲವನ್ನು ಮನ್ನಾ ಮಾಡಲಾಯಿತೆಂದು ಭಾವಿಸಿರಿ. ಯಾರೂ ಆ ಕುಟುಂಬಕ್ಕೆ ಹಣ ಕೊಡಲಿಲ್ಲ. ಸಾಲವನ್ನು ತೆಗೆದುಹಾಕಲಾಯಿತು, ಅಷ್ಟೆ. ಆದರೆ ನಿವ್ವಳ ಸ್ಥಿತಿ 500 ರೂಪಾಯಿಗೆ ಏರಿತು. 200 − (−300) = 500 ಎಂಬುದರ ಅರ್ಥ ಇಷ್ಟೇ.

ಗುಣಾಕಾರದಲ್ಲಿ ಧನ ಮತ್ತು ಋಣಗಳ ಗುಣಲಬ್ಧ ಋಣ. ಎರಡು ಧನಗಳದ್ದು ಧನ. ಎರಡು ಋಣಗಳದ್ದೂ ಧನ. ಯಾವುದನ್ನೇ ಆಗಲಿ ಶೂನ್ಯದಿಂದ ಗುಣಿಸಿದರೆ ಶೂನ್ಯ. ತಿಂಗಳಿಗೆ 50 ರೂಪಾಯಿಯಂತೆ ನಾಲ್ಕು ಕಂತುಗಳು ಬಾಕಿಯಾದರೆ 4 × (−50) = −200. ಎರಡು ಋಣಗಳ ಗುಣಲಬ್ಧ ಧನವಾಗುವುದು ಹೇಗೆಂದು ಶಾಲೆಯಲ್ಲಿ ಕೇಳಿದವರಿಗೆಲ್ಲ ಸಮಾಧಾನಕರ ಉತ್ತರ ದೊರೆತಿರಲಾರದು. ಆದರೆ ಉತ್ತರವು ಶೂನ್ಯದಿಂದ ಋಣವನ್ನು ಕಳೆಯುವ ನಿಯಮದಲ್ಲಿಯೇ ಇದೆ. ತಲಾ 50 ರೂಪಾಯಿಯ ಮೂರು ಕಂತುಗಳನ್ನು ಲೆಕ್ಕದಿಂದ ತೆಗೆದುಹಾಕಿದರೆ, ಅಂದರೆ −50ನ್ನು ಮೂರು ಬಾರಿ ಕಳೆದರೆ, ಸಾಲಗಾರನಿಗೆ 150 ರೂಪಾಯಿಯ ಲಾಭ. (−3) × (−50) = 150.

ಸಂಖ್ಯೆಗಳ ಹೋಲಿಕೆಯಲ್ಲಿಯೂ ಎಚ್ಚರ ಅಗತ್ಯ. 500 ರೂಪಾಯಿ ಸಾಲವಿದ್ದವನು 300 ರೂಪಾಯಿ ಸಾಲವಿದ್ದವನಿಗಿಂತ ಕೆಳಗಿನ ಸ್ಥಿತಿಯಲ್ಲಿರುವುದರಿಂದ −500 ಎಂಬುದು −300ಕ್ಕಿಂತ ಚಿಕ್ಕದು. ಯಾವುದೇ ಋಣವು ಶೂನ್ಯಕ್ಕಿಂತ ಚಿಕ್ಕದು. ಶೂನ್ಯವು ಯಾವುದೇ ಧನಕ್ಕಿಂತ ಚಿಕ್ಕದು. ಮುಂದಕ್ಕೂ ಹಿಂದಕ್ಕೂ ಹೆಜ್ಜೆ ಹಾಕುವ ಮನುಷ್ಯನ ಉದಾಹರಣೆಯಿಂದ ಇದನ್ನು ಒಂದು ರೇಖೆಯ ಮೇಲೆ ತೋರಿಸಿದವನು ಇಂಗ್ಲೆಂಡಿನ ಜಾನ್ ವಾಲಿಸ್, 1685ರಲ್ಲಿ. ಇಂದಿನ ಪಠ್ಯಪುಸ್ತಕಗಳ ಸಂಖ್ಯಾರೇಖೆಯಲ್ಲಿರುವುದೂ ಇದೇ ವಿಚಾರ. ಋಣವನ್ನು ಸೂಚಿಸುವ ಗುರುತುಗಳು ಮಾತ್ರ ಕಾಲಕಾಲಕ್ಕೆ ಬದಲಾಗಿವೆ. ಭಾಸ್ಕರಾಚಾರ್ಯನ ಬೀಜಗಣಿತದಲ್ಲಿ ಅಂಕಿಯ ಮೇಲೊಂದು ಚುಕ್ಕೆ ಇಡುವ ಪದ್ಧತಿಯಿದೆ. ಬಕ್ಷಾಲಿ ಹಸ್ತಪ್ರತಿಯಲ್ಲಿ ಋಣಸಂಖ್ಯೆಯ ಮುಂದೆ ಇರುವ ಗುರುತು ಇಂದಿನ ಕೂಡುವ ಚಿಹ್ನೆಯನ್ನೇ ಹೋಲುತ್ತದೆ!

ಋಣದ ಕಲ್ಪನೆ ಬ್ರಹ್ಮಗುಪ್ತನಿಂದಲೇ ಆರಂಭವಾಯಿತೆಂದು ಹೇಳುವುದು ಸರಿಯಲ್ಲ. ಚೀನಾದಲ್ಲಿ ಆತನಿಗಿಂತ ಹಲವು ಶತಮಾನಗಳ ಮೊದಲೇ ಕೆಂಪು ಮತ್ತು ಕಪ್ಪು ಕಡ್ಡಿಗಳಿಂದ ಧನಋಣಗಳನ್ನು ಗುರುತಿಸಿ ಕೂಡುವ, ಕಳೆಯುವ ಕ್ರಮವಿತ್ತು. ಬ್ರಹ್ಮಗುಪ್ತನ ಹಿರಿಮೆಯು ಧನ, ಋಣ, ಶೂನ್ಯ ಈ ಮೂರನ್ನೂ ಒಂದೇ ನಿಯಮಾವಳಿಗೆ ಒಳಪಡಿಸಿದುದರಲ್ಲಿದೆ. ಇದರ ಪ್ರಯೋಜನವನ್ನು ಆತನ ವರ್ಗಸಮೀಕರಣಗಳಲ್ಲಿ ಕಾಣಬಹುದು. ಋಣವನ್ನು ಒಪ್ಪಿದ್ದರಿಂದ ಎಲ್ಲ ಬಗೆಯ ವರ್ಗಸಮೀಕರಣಗಳಿಗೂ ಒಂದೇ ರೂಪ ಸಾಕಾಯಿತು. ಎರಡು ಶತಮಾನಗಳ ಬಳಿಕ ಬಾಗ್ದಾದಿನ ಅಲ್ ಖ್ವಾರಿಜ್ಮಿಯು ಋಣವನ್ನು ಬಳಸದೆ ಸಮೀಕರಣಗಳನ್ನು ಆರು ಬಗೆಗಳಾಗಿ ವಿಂಗಡಿಸಬೇಕಾಯಿತು.

ಆತನ ತಪ್ಪುಗಳು ಮತ್ತು ವಿವಾದಗಳು

ಭಾಗಾಕಾರದಲ್ಲಿ ಬ್ರಹ್ಮಗುಪ್ತನು ಎಡವಿದನು. ಶೂನ್ಯವನ್ನು ಶೂನ್ಯದಿಂದ ಭಾಗಿಸಿದರೆ ಶೂನ್ಯವೆಂದು ಬರೆದನು. ಇದು ಇಂದು ಒಪ್ಪಿತವಲ್ಲ. ಇತರ ಸಂಖ್ಯೆಗಳನ್ನು ಶೂನ್ಯದಿಂದ ಭಾಗಿಸುವಾಗ ಶೂನ್ಯವನ್ನು ಛೇದವಾಗಿ ಉಳಿಸಿ ಸುಮ್ಮನಾದನು. ಈ ಮೌನವು ತಪ್ಪು ಉತ್ತರಕ್ಕಿಂತ ಮೇಲೆಂದೇ ಹೇಳಬೇಕು.

ಸ್ವಭಾವದಲ್ಲಿ ಆತನು ನಿಷ್ಠುರ. ಗ್ರಂಥದ ಹನ್ನೊಂದನೆಯ ಅಧ್ಯಾಯವನ್ನು ಪೂರ್ವಿಕರ ದೋಷಗಳನ್ನು ಎತ್ತಿ ತೋರಿಸುವುದಕ್ಕೆಂದೇ ಮೀಸಲಿಟ್ಟನು. ಅಲ್ಲಿ ಹೆಚ್ಚಿನ ಟೀಕೆಗೆ ಗುರಿಯಾದವನು ತನಗಿಂತ ಒಂದು ಶತಮಾನಕ್ಕೂ ಹಿಂದಿನ ಆರ್ಯಭಟ. ಭೂಮಿಯು ತನ್ನ ಅಕ್ಷದ ಮೇಲೆ ತಿರುಗುತ್ತದೆಂಬ ಆರ್ಯಭಟನ ಮತವನ್ನು ಬ್ರಹ್ಮಗುಪ್ತನು ಅಲ್ಲಗಳೆದನು. ಈ ವಿಷಯದಲ್ಲಿ ಸರಿಯಾಗಿದ್ದವನು ಆರ್ಯಭಟನೇ. ಗ್ರಹಣಗಳ ಕಾರಣವನ್ನು ಲೆಕ್ಕದಿಂದ ಬಲ್ಲವನಾಗಿದ್ದರೂ ರಾಹುವಿನ ನಂಬಿಕೆಗೆ ಬ್ರಹ್ಮಗುಪ್ತನು ಮಣಿದನೆಂದು ಹನ್ನೊಂದನೆಯ ಶತಮಾನದಲ್ಲಿ ಅಲ್ ಬಿರೂನಿಯು ಆಕ್ಷೇಪಿಸಿದ್ದಾನೆ. ಆದರೂ ಆ ವಿದ್ವಾಂಸನಿಗೆ ಬ್ರಹ್ಮಗುಪ್ತನ ಗಣಿತದ ಬಗ್ಗೆ ಗೌರವವಿತ್ತು.

ಮೂವತ್ತರ ಈ ತೀಕ್ಷ್ಣತೆ ಕೊನೆಯವರೆಗೆ ಹಾಗೆಯೇ ಉಳಿಯಲಿಲ್ಲ. ಕ್ರಿ.ಶ. 665ರಲ್ಲಿ, ತನ್ನ ಅರವತ್ತೇಳನೆಯ ವಯಸ್ಸಿನಲ್ಲಿ, ಆತನು ಖಂಡಖಾದ್ಯಕವೆಂಬ ಎರಡನೆಯ ಗ್ರಂಥವನ್ನು ರಚಿಸಿದನು. ಕಲ್ಲುಸಕ್ಕರೆಯ ತಿನಿಸೆಂಬಂತಹ ಹೆಸರಿನ ಈ ಕೈಪಿಡಿಯು ಪಂಚಾಂಗಕಾರರ ದಿನನಿತ್ಯದ ಲೆಕ್ಕಗಳಿಗಾಗಿ ಸಿದ್ಧವಾದದ್ದು. ಇದರ ಪೂರ್ವಭಾಗದ ಲೆಕ್ಕಗಳಿಗೆ ಆತನು ಆಧಾರವಾಗಿ ತೆಗೆದುಕೊಂಡದ್ದು ಆರ್ಯಭಟನ ಪದ್ಧತಿಯನ್ನೇ! ಜನರ ಬಳಕೆಯಲ್ಲಿ ನೆಲೆಗೊಂಡಿದ್ದ ಪದ್ಧತಿಯನ್ನು ಬದಿಗಿಟ್ಟು ಉಪಯುಕ್ತ ಕೈಪಿಡಿಯನ್ನು ಬರೆಯಲಾಗದೆಂದು ಮನಗಂಡಿದ್ದಿರಬೇಕು. ಸಂಖ್ಯಾಕೋಷ್ಟಕದ ನಡುವಿನ ಬೆಲೆಗಳನ್ನು ಹೆಚ್ಚು ನಿಖರವಾಗಿ ಪಡೆಯುವ ಆತನ ಪ್ರಸಿದ್ಧ ಸೂತ್ರವೂ ಇದೇ ಗ್ರಂಥದಲ್ಲಿದೆ.

ನಿಯಮಗಳ ಮುಂದಿನ ಪಯಣ

ಕ್ರಿ.ಶ. 770ರ ದಶಕದಲ್ಲಿ ಖಲೀಫ ಅಲ್ ಮನ್ಸೂರನ ಆಸ್ಥಾನದ ಮೂಲಕ ಬ್ರಹ್ಮಗುಪ್ತನ ಪರಂಪರೆಯ ಖಗೋಳಗಣಿತವು ಬಾಗ್ದಾದನ್ನು ತಲುಪಿ ಅರಬ್ಬೀ ಭಾಷೆಗೆ ಬಂದಿತು. ಋಣದ ನಿಯಮಗಳು ಮಾತ್ರ ಅಷ್ಟು ಸುಲಭವಾಗಿ ಬೇರೂರಲಿಲ್ಲ. ಯೂರೋಪಿನಲ್ಲಂತೂ ಋಣಸಂಖ್ಯೆಗಳ ಬಗೆಗಿನ ಅನುಮಾನ ಬಹುಕಾಲ ಉಳಿಯಿತು. 1758ರಷ್ಟು ಈಚೆಗೂ ಇಂಗ್ಲೆಂಡಿನ ಫ್ರಾನ್ಸಿಸ್ ಮಸೇರಸ್ ಎಂಬ ಗಣಿತಜ್ಞನು ಋಣಸಂಖ್ಯೆಗಳನ್ನು ಬೀಜಗಣಿತದಿಂದ ಹೊರಗಿಡಬೇಕೆಂದು ವಾದಿಸಿ ಪುಸ್ತಕವನ್ನೇ ಪ್ರಕಟಿಸಿದನು.

ಕನ್ನಡನಾಡಿನಲ್ಲಿ ಈ ನಿಯಮಗಳು ಒಂಬತ್ತನೆಯ ಶತಮಾನದಲ್ಲಿಯೇ ಕಾಣಿಸಿಕೊಂಡವು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿ ಗ್ರಂಥಾರಂಭದಲ್ಲಿ ಆ ಅರಸನನ್ನು ಸ್ತುತಿಸಿದ್ದಾನೆ. ನೃಪತುಂಗನ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಮಹಾವೀರಾಚಾರ್ಯನು ಧನಋಣಗಳ ನಿಯಮಗಳನ್ನು ನೀಡಿದುದಲ್ಲದೆ, ಋಣಸಂಖ್ಯೆಯು ಯಾವುದರ ವರ್ಗವೂ ಆಗಲಾರದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂಬ ಮಾತನ್ನೂ ಸೇರಿಸಿದನು. ಶೂನ್ಯದಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆಂದು ಹೇಳಿ ಆತನೂ ಅದೇ ಜಾಗದಲ್ಲಿ ಜಾರಿದನು. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯನು ಬ್ರಹ್ಮಗುಪ್ತನನ್ನು ಗಣಕರ ಸಮೂಹದ ಚೂಡಾಮಣಿಯೆಂದು ಗೌರವಿಸಿದನು.

ಬ್ರಾಹ್ಮಸ್ಫುಟಸಿದ್ಧಾಂತದ ಗಣಿತ ಮತ್ತು ಕುಟ್ಟಕ ಅಧ್ಯಾಯಗಳನ್ನು ಹೆನ್ರಿ ಥಾಮಸ್ ಕೋಲ್‌ಬ್ರೂಕ್ 1817ರಲ್ಲಿ ಇಂಗ್ಲಿಷಿಗೆ ಅನುವಾದಿಸಿ ಲಂಡನ್ನಿನಲ್ಲಿ ಪ್ರಕಟಿಸಿದನು. ಮೂಲ ಸಂಸ್ಕೃತ ಗ್ರಂಥವನ್ನು ಸುಧಾಕರ ದ್ವಿವೇದಿಯವರು 1902ರಲ್ಲಿ ಸಂಪಾದಿಸಿ ಹೊರತಂದರು. ಕನ್ನಡ ಮಾಧ್ಯಮದ ಗಣಿತ ಪಠ್ಯಪುಸ್ತಕಗಳಲ್ಲಿ ಪೂರ್ಣಾಂಕಗಳ ಪಾಠಕ್ಕೆ ಬಳಸುವ ಧನ, ಋಣ ಎಂಬ ಪದಗಳು ಬ್ರಹ್ಮಗುಪ್ತನು 628ರಲ್ಲಿ ಬಳಸಿದ ಪದಗಳೇ ಆಗಿವೆ.