ಘಟಪ್ರಭೆ ದಂಡೆಯ ಖಡ್ಗಮೃಗ: ರಾಬರ್ಟ್ ಬ್ರೂಸ್ ಫೂಟ್ ಅವರ ಜೀವನ

ಅಭ್ಯಾಸ ಬೋಧನೆಗಾಗಿ ಚಿಕ್ಕಪಡಸಲಗಿ ಭಾಗದ ಪ್ರೌಢಶಾಲೆಯೊಂದಕ್ಕೆ ಹೋಗಿದ್ದಾಗ ಪಳೆಯುಳಿಕೆಗಳ ಪಾಠ ನನ್ನ ಪಾಲಿಗೆ ಬಂದಿತ್ತು. ಡೈನೋಸಾರ್ ಚಿತ್ರಪಟ ತೂಗುಹಾಕಿ ಪಾಠ ಮಾಡಿದೆ. ಕೊನೆಯಲ್ಲಿ ಒಬ್ಬ ವಿದ್ಯಾರ್ಥಿನಿ ನಮ್ಮ ಕಡೆ ಇಂಥದ್ದೇನಾದರೂ ಸಿಕ್ಕಿದೆಯೇ ಎಂದು ಕೇಳಿದಳು. ನಮ್ಮದು ಕರಿಕಲ್ಲಿನ ನೆಲ, ಇಲ್ಲಿ ಏನೂ ಸಿಗುವುದಿಲ್ಲ ಎಂದುಬಿಟ್ಟೆ. ಆ ಉತ್ತರ ತಪ್ಪು ಎಂದು ಫೂಟ್ ಅವರ ಜೀವನವನ್ನು ಓದಿದ ಮೇಲೆ ತಿಳಿಯಿತು. ಆ ಮಕ್ಕಳಿಗೆ ಹೇಳಬೇಕಾಗಿದ್ದ ಪಾಠವನ್ನು ಇಲ್ಲಿ ಬರೆದಿದ್ದೇನೆ.

ರಾಬರ್ಟ್ ಬ್ರೂಸ್ ಫೂಟ್ ಹುಟ್ಟಿದ್ದು 1834ರಲ್ಲಿ, ಇಂಗ್ಲೆಂಡಿನಲ್ಲಿ. 1858ರಲ್ಲಿ ಭಾರತದ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಗೆ ಸೇರಿದಾಗ ಅವರಿಗೆ 24 ವರ್ಷ. ಅಂದರೆ ಹೆಚ್ಚುಕಡಿಮೆ ನಮ್ಮ ವಯಸ್ಸು. ದಕ್ಷಿಣ ಭಾರತದ ನೆಲವನ್ನು ಸುತ್ತಿ, ಯಾವ ಶಿಲೆ ಎಲ್ಲಿದೆ ಎಂದು ನಕ್ಷೆ ಮಾಡುವುದು ಅವರ ಕೆಲಸ. ಪ್ರಾಚೀನ ಮಾನವನನ್ನು ಹುಡುಕಿಕೊಡಿ ಎಂದು ಇಲಾಖೆ ಅವರಿಗೆ ಹೇಳಿರಲಿಲ್ಲ.

ಆದರೆ 1859ರಲ್ಲಿ ಫ್ರಾನ್ಸಿನ ಸೋಮ್ ನದಿ ಕಣಿವೆಯಲ್ಲಿ ಸಿಕ್ಕ ಕಲ್ಲಿನ ಆಯುಧಗಳು ಬಹಳ ಪ್ರಾಚೀನವೆಂದು ಇಂಗ್ಲೆಂಡಿನ ವಿಜ್ಞಾನಿಗಳು ಒಪ್ಪಿಕೊಂಡಿದ್ದರು. ಆ ಸುದ್ದಿ ಫೂಟ್ ಅವರ ತಲೆಯಲ್ಲಿತ್ತು. 1863ರ ಮೇ 30ರಂದು ಮದ್ರಾಸಿನ ಹತ್ತಿರದ ಪಲ್ಲಾವರಂನಲ್ಲಿ, ಜಲ್ಲಿ ತೆಗೆದ ಗುಂಡಿಯೊಂದರಲ್ಲಿ ಮನುಷ್ಯನ ಕೈಯಿಂದ ಚಕ್ಕೆ ಎಬ್ಬಿಸಿದ ಕಲ್ಲು ಅವರ ಕಣ್ಣಿಗೆ ಬಿತ್ತು. ಅದೇ ವರ್ಷ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಅತ್ತಿರಂಪಾಕ್ಕಂ ಎಂಬಲ್ಲಿ ಇನ್ನೂ ಹಲವು ಕೈಗೊಡಲಿಗಳು ಸಿಕ್ಕವು. ಭಾರತದಲ್ಲಿ ಹಳೆ ಶಿಲಾಯುಗದ ಅಧ್ಯಯನ ಅಲ್ಲಿಂದ ಆರಂಭವಾಯಿತು. ಅತ್ತಿರಂಪಾಕ್ಕಂನ ಅತಿ ಹಳೆಯ ಆಯುಧಗಳಿಗೆ ಸುಮಾರು 15 ಲಕ್ಷ ವರ್ಷವಾಗಿದೆ ಎಂದು 2011ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ಮುಂದೆ ಅವರು ನಮ್ಮ ಸೀಮೆಗೆ ಬಂದರು. ಆಗ ಜಮಖಂಡಿ, ಮುಧೋಳ ಸಂಸ್ಥಾನಗಳಾಗಿದ್ದವು, ಕಲಾದಗಿ ಜಿಲ್ಲಾ ಕೇಂದ್ರವಾಗಿತ್ತು. ದಕ್ಷಿಣ ಮರಾಠಾ ಸೀಮೆಯ ಭೂರಚನೆಯ ಕುರಿತು ಅವರು ಬರೆದ ವರದಿ 1876ರಲ್ಲಿ ಪ್ರಕಟವಾಯಿತು. ಕಲಾದಗಿ ಎಂಬ ಹೆಸರಿನಿಂದ ಭೂವಿಜ್ಞಾನದಲ್ಲಿ ಇಂದಿಗೂ ಕರೆಯುವ ಶಿಲಾಸಮೂಹವನ್ನು ಅದರಲ್ಲಿ ವಿವರಿಸಿದ್ದಾರೆ.

ಈ ನೆಲದಲ್ಲಿ ಪ್ರಾಣಿಗಳ ಎಲುಬು ಸಿಗುವುದು ಏಕೆ ಕಷ್ಟ ಎಂಬುದನ್ನು ಮಕ್ಕಳಿಗೆ ಮೊದಲು ಬಿಡಿಸಿ ಹೇಳಬೇಕು. ಕೃಷ್ಣೆಯ ದಂಡೆಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಗಟ್ಟಿಯಾಗಿ ಆದದ್ದು. ಕಾದ ಲಾವಾದಲ್ಲಿ ಎಲುಬು ಉಳಿಯುವುದಿಲ್ಲ. ದಕ್ಷಿಣಕ್ಕೆ, ಲೋಕಾಪುರ ಕಲಾದಗಿ ಕಡೆ ಕಾಣುವ ಸುಣ್ಣಕಲ್ಲು ನೀರಿನ ತಳದಲ್ಲಿ ಕೂಡಿದ್ದು ನಿಜ. ಆದರೆ ಅದು ನೂರು ಕೋಟಿ ವರ್ಷಕ್ಕೂ ಹಳೆಯದು. ಆಗ ಎಲುಬಿರುವ ಪ್ರಾಣಿಗಳೇ ಭೂಮಿಯ ಮೇಲೆ ಇರಲಿಲ್ಲ. ಸೂಕ್ಷ್ಮಜೀವಿಗಳ ಪದರಗಳಿಂದಾದ ಸ್ಟ್ರೊಮ್ಯಾಟೊಲೈಟ್ ಗುರುತುಗಳು ಮಾತ್ರ ಆ ಕಲ್ಲಿನಲ್ಲಿವೆ.

ಹಾಗಾದರೆ ಎಲುಬನ್ನು ಎಲ್ಲಿ ನೋಡಬೇಕು? ಈ ಎರಡೂ ಕಲ್ಲುಗಳ ಮೇಲೆ ಬಹಳ ಈಚೆಗೆ ನದಿಗಳು ತಂದು ಹಾಕಿದ ಹಳೆಯ ಮೆಕ್ಕಲು ಮಣ್ಣಿನಲ್ಲಿ. ಗೋಕಾಕ ಹತ್ತಿರ ಘಟಪ್ರಭೆಯ ಕಣಿವೆಯಲ್ಲಿ, ಅಂಥ ಮಣ್ಣಿನಲ್ಲೇ ಫೂಟ್ ಅವರಿಗೆ ಖಡ್ಗಮೃಗದ ಪಳೆಯುಳಿಕೆ ಸಿಕ್ಕಿತು. ಅದು ಹೊಸ ಪ್ರಭೇದವೆಂದು ಗುರುತಿಸಿ, ರೈನೋಸಿರಸ್ ಡೆಕ್ಕನೆನ್ಸಿಸ್ ಎಂದು ಹೆಸರಿಟ್ಟು 1874ರಲ್ಲಿ ಪ್ರಕಟಿಸಿದರು. ಇಂದು ಮುಧೋಳದ ಪಕ್ಕದಲ್ಲಿ ಹರಿಯುವ ಅದೇ ಘಟಪ್ರಭೆಯ ದಂಡೆಯಲ್ಲಿ ಒಂದು ಕಾಲಕ್ಕೆ ಖಡ್ಗಮೃಗ ಮೇಯುತ್ತಿತ್ತು ಎಂದರೆ ಯಾವ ಮಗು ಕಿವಿಗೊಡುವುದಿಲ್ಲ?

ಬಳ್ಳಾರಿ ಜಿಲ್ಲೆಯ ಕುಡತಿನಿಯಂಥ ಕಡೆ ಇರುವ ಬೂದಿಗುಡ್ಡಗಳನ್ನು ಜನ ರಾಕ್ಷಸರ ಬೂದಿ ಎನ್ನುತ್ತಿದ್ದರು. ಅವು ಹೊಸ ಶಿಲಾಯುಗದ ದನಗಾಹಿಗಳ ಸೆಗಣಿ ಸುಟ್ಟು ಆದವು ಎಂದು ಫೂಟ್ ವಾದಿಸಿದರು. 1957ರಲ್ಲಿ ಆಲ್ಚಿನ್ ಅವರು ಉಟ್ನೂರಿನಲ್ಲಿ ನಡೆಸಿದ ಉತ್ಖನನ ಅದನ್ನು ದೃಢಪಡಿಸಿತು. ಕರ್ನೂಲು ಸೀಮೆಯ ಬಿಲ್ಲಸುರ್ಗಂ ಗುಹೆಗಳಲ್ಲಿ ಮಗ ಹೆನ್ರಿಯ ಜೊತೆ ಕೆಲಸ ಮಾಡಿ ಅನೇಕ ಪ್ರಾಣಿಗಳ ಎಲುಬು ಸಂಗ್ರಹಿಸಿದರು.

ಅವರ ಎಲ್ಲ ಊಹೆಗಳೂ ಸರಿಯಾಗಿರಲಿಲ್ಲ. ಹಳೆ ಶಿಲಾಯುಗಕ್ಕೂ ಹೊಸ ಶಿಲಾಯುಗಕ್ಕೂ ನಡುವೆ ದೊಡ್ಡ ಅಂತರವಿದೆ ಎಂದು ಅವರು ತಿಳಿದಿದ್ದರು. ಸೂಕ್ಷ್ಮ ಶಿಲಾಯುಧಗಳ ಮಧ್ಯ ಶಿಲಾಯುಗ ಆ ಅಂತರವನ್ನು ತುಂಬುತ್ತದೆ ಎಂಬುದು ನಂತರದ ಸಂಶೋಧನೆಗಳಿಂದ ತಿಳಿಯಿತು. ವಿಜ್ಞಾನ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ ಎನ್ನಲು ಇದೂ ಒಳ್ಳೆಯ ಉದಾಹರಣೆ.

1891ರಲ್ಲಿ ನಿವೃತ್ತರಾದ ಮೇಲೆ ಬರೋಡಾ ಮತ್ತು ಮೈಸೂರು ಸಂಸ್ಥಾನಗಳಲ್ಲಿ ಭೂವಿಜ್ಞಾನಿಯಾಗಿ ದುಡಿದರು. ಯೇರ್ಕಾಡಿನಲ್ಲಿ ನೆಲೆಸಿದರು. 1912ರಲ್ಲಿ ತೀರಿಕೊಂಡರು. ಜೀವಮಾನವಿಡೀ ಕೂಡಿಸಿದ ಪ್ರಾಚೀನ ವಸ್ತುಗಳ ಸಂಗ್ರಹ ಮದ್ರಾಸ್ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿತ್ತು. ಅದರ ವಿವರಪಟ್ಟಿ 1914 ಮತ್ತು 1916ರಲ್ಲಿ, ಅವರ ಮರಣಾನಂತರ ಎರಡು ಸಂಪುಟಗಳಲ್ಲಿ ಹೊರಬಂತು. ಯಾವ ವಸ್ತು ಯಾವ ಊರಿನದು ಎಂದು ಅದರಲ್ಲಿ ನಮೂದಾಗಿರುವುದರಿಂದಲೇ ಸಂಶೋಧಕರು ಆ ನೆಲೆಗಳಿಗೆ ಮತ್ತೆ ಹೋಗಲು ಸಾಧ್ಯವಾಯಿತು.

ಈ ಪಾಠವನ್ನು ಮತ್ತೆ ಮಾಡುವ ಅವಕಾಶ ಸಿಕ್ಕರೆ ಚಿತ್ರಪಟಕ್ಕಿಂತ ಮೊದಲು ಮೂರು ವಸ್ತುಗಳನ್ನು ಮೇಜಿನ ಮೇಲೆ ಇಡುತ್ತೇನೆ: ಕೃಷ್ಣೆ ದಂಡೆಯ ಕರಿಕಲ್ಲು, ಲೋಕಾಪುರ ಕಡೆಯ ಸುಣ್ಣಕಲ್ಲು, ಒಂದು ಹಿಡಿ ಮೆಕ್ಕಲು ಮಣ್ಣು. ಯಾವುದರಲ್ಲಿ ಎಲುಬು ಉಳಿದೀತು, ಏಕೆ ಎಂದು ಮಕ್ಕಳೇ ಯೋಚಿಸಲಿ. ಹೊಳೆ ದಂಡೆಯಲ್ಲಿ ವಿಚಿತ್ರವಾದದ್ದೇನಾದರೂ ಕಂಡರೆ ಕೀಳಬಾರದು, ಇದ್ದಲ್ಲೇ ಬಿಟ್ಟು ಜಾಗ ಬರೆದುಕೊಂಡು ಶಿಕ್ಷಕರಿಗೆ ಹೇಳಬೇಕು ಎಂದೂ ತಿಳಿಸುತ್ತೇನೆ. ಆ ವಿದ್ಯಾರ್ಥಿನಿಗೆ ಮಾತ್ರ ಅವಕಾಶಕ್ಕಾಗಿ ಕಾಯದೆ ಉತ್ತರ ಮುಟ್ಟಿಸಬೇಕು. ಈ ಬರಹದ ಒಂದು ಪ್ರತಿಯನ್ನು ಆ ಶಾಲೆಗೆ ಕಳಿಸುತ್ತಿದ್ದೇನೆ.