ಬೆರಳ ಭಾಷೆಯಿಂದ ಹುಟ್ಟಿದ ಯಂತ್ರ

ಮಾತು ಬಾರದವರು ಇಂದು ಕೀಲಿಮಣೆ ಒತ್ತಿ ತಮ್ಮ ಮನದಿಂಗಿತ ತಿಳಿಸುತ್ತಾರೆ. ಅಂಥ ಕೀಲಿಮಣೆಯ ಪೂರ್ವರೂಪವೊಂದು ಕಿವುಡ ಮಕ್ಕಳ ಶಾಲೆಯಲ್ಲೇ ಮೊಳೆಯಿತೆಂಬುದು ಹೆಚ್ಚಿನವರಿಗೆ ತಿಳಿಯದು.

ರಾಸ್ಮುಸ್ ಮಾಲಿಂಗ್-ಹಾನ್ಸೆನ್ ಜನಿಸಿದ್ದು 1835ರಲ್ಲಿ, ಡೆನ್ಮಾರ್ಕಿನ ಲೋಲಾಂಡ್ ದ್ವೀಪದಲ್ಲಿ. ಪಾದ್ರಿಯಾದ ಅವರು 1865ರಲ್ಲಿ ಕೋಪನ್‌ಹೇಗನ್‌ನ ರಾಜಾಶ್ರಯದ ಕಿವುಡ-ಮೂಗರ ಶಾಲೆಯ (ಅಂದು ಅದಕ್ಕಿದ್ದ ಹೆಸರೇ ಅದು) ಮುಖ್ಯಸ್ಥರಾದರು. ಮಕ್ಕಳು ಬೆರಳ ಸಂಕೇತಗಳಿಂದ ಅಕ್ಷರ ಜೋಡಿಸುವ ವೇಗ ಲೇಖನಿಯ ವೇಗವನ್ನು ಮೀರಿಸುವುದನ್ನು ಅವರು ಕಂಡರು. ಬೆರಳುಗಳೇ ನೇರವಾಗಿ ಬರೆಯಬಾರದೇಕೆ?

ಆ ಪ್ರಶ್ನೆಗೆ ದೊರೆತ ಉತ್ತರವೇ 1870ರಲ್ಲಿ ಪೇಟೆಂಟ್ ಪಡೆದ 'ಬರೆಯುವ ಚೆಂಡು'. ಲೋಹದ ಅರ್ಧಗೋಳದ ಮೇಲೆ ಮುಳ್ಳುಹಂದಿಯ ಮುಳ್ಳುಗಳಂತೆ ನಿಂತ 52 ಕೀಲಿಗಳು. ಹೆಚ್ಚು ಬಳಕೆಯ ಅಕ್ಷರಗಳು ಚುರುಕಾದ ಬೆರಳುಗಳಿಗೆ. ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ಅಕ್ಷರಗಳ ಸ್ಥಾನವನ್ನು ಅವರು ಮೊದಲು ಪಿಂಗಾಣಿಯ ಮಾದರಿಯೊಂದರ ಮೇಲೆ ಗುರುತಿಸಿ ಪರೀಕ್ಷಿಸಿದ್ದರು. ಕೈಯ ಸ್ವಭಾವವನ್ನು ಇಷ್ಟು ಎಚ್ಚರದಿಂದ ಗಮನಿಸಿದ ಯಂತ್ರಶಿಲ್ಪಿಗಳು ಆ ಕಾಲದಲ್ಲಿ ವಿರಳ.

ದೃಷ್ಟಿ ಕುಂದುತ್ತಿದ್ದ ತತ್ತ್ವಜ್ಞಾನಿ ನೀತ್ಸೆ 1882ರಲ್ಲಿ ಇದನ್ನು ತರಿಸಿಕೊಂಡು ಕೆಲವು ವಾರ ಬರೆದರು. ಆದರೆ ಪ್ರಯಾಣದಲ್ಲಿ ಪೆಟ್ಟು ತಿಂದಿದ್ದ ಯಂತ್ರ ಕೈಕೊಟ್ಟಿತು.

ಒಂದೊಂದನ್ನೂ ಕೈಯಿಂದಲೇ ತಯಾರಿಸಬೇಕಿದ್ದ ಚೆಂಡು, ಅಮೆರಿಕದ ಕಾರ್ಖಾನೆಯಿಂದ ಸಾಲುಸಾಲಾಗಿ ಹೊರಬಂದ ರೆಮಿಂಗ್ಟನ್ ಯಂತ್ರಗಳೆದುರು ನಿಲ್ಲಲಿಲ್ಲ. ಸೋತದ್ದು ವಿನ್ಯಾಸವಲ್ಲ, ತಯಾರಿಕೆಯ ಬಗೆ.

ಅವರಾದರೋ ಶಾಲೆಯನ್ನು ಬಿಡಲಿಲ್ಲ. ಮಕ್ಕಳ ತೂಕ, ಎತ್ತರಗಳನ್ನು ದಿನನಿತ್ಯ ಅಳೆಯಿಸಿ, ಬೆಳವಣಿಗೆಯ ಏರಿಳಿತಗಳನ್ನು ಕುರಿತು 1886ರಲ್ಲಿ ಗ್ರಂಥ ಪ್ರಕಟಿಸಿದರು. 1890ರಲ್ಲಿ, 55ನೆಯ ವಯಸ್ಸಿನಲ್ಲಿ ಕೋಪನ್‌ಹೇಗನ್‌ನಲ್ಲಿ ನಿಧನರಾದಾಗಲೂ ಅವರು ಅದೇ ಶಾಲೆಯ ಮುಖ್ಯಸ್ಥರಾಗಿದ್ದರು.